ಪ್ಯಾಡಿಂಗ್ಟನ್ನಿನಿಂದ ಬಸವಣ್ಣನವರ ತನಕ

ಲಂಡನ್ನು ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತೆ ಹೇಳಿ? ಅರಮನೆಯ ಬಾಗಿಲಲ್ಲಿ ಕರಡಿ ಚರ್ಮದ ಟೋಪಿ ಹಾಕಿಕೊಂಡು ಅಲ್ಲಾಡದೆ ನಿಂತ ಕಾವಲುಗಾರರು, ಕೆಂಪು ಬಣ್ಣದ ಎರಡಂತಸ್ತಿನ ಬಸ್ಸು, ದೊಡ್ಡ ಗಡಿಯಾರದ ಗೋಪುರ, ನಮ್ಮ ಕೊಹಿನೂರು ವಜ್ರ, ಇಷ್ಟೇ ಅಲ್ಲವೇ? ಹೋಗಿ ಬಂದವರು ಹೇಳುವುದೂ ಇವನ್ನೇ. ನಾನೂ ಅವನ್ನೆಲ್ಲ ನೋಡಿದೆ. ಅವುಗಳ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ಅದನ್ನು ಬಿಟ್ಟುಬಿಡೋಣ. ಅದೇ ಊರಿನಲ್ಲಿ ಇನ್ನೊಂದು ದಾರಿ ಇದೆ. ಒಂದು ರೈಲ್ವೆ ಸ್ಟೇಷನ್ನಿನಿಂದ ಹೊರಟು, ಎರಡು ಹಳೆಯ ಆಸ್ಪತ್ರೆಗಳನ್ನು ಹಾದು, ಥೇಮ್ಸ್ ನದಿಯ ದಂಡೆಯ ಮೇಲೆ ನಮ್ಮ ಬಸವಣ್ಣನವರ ಮುಂದೆ ಮುಗಿಯುವ ದಾರಿ. ಬಸುರಿ ನಿಲ್ಲದೆ ಕಣ್ಣೀರು ಹಾಕಿದ ಹೆಣ್ಣುಮಕ್ಕಳಿಗೆ ಈ ದಾರಿಯಲ್ಲಿ ತಿಳಿದುಕೊಳ್ಳುವುದು ಬಹಳ ಇದೆ. ಬನ್ನಿ, ನಿಮ್ಮನ್ನೂ ಕರೆದುಕೊಂಡು ಹೋಗ್ತೀನಿ.

2024ರ ಮೇ ತಿಂಗಳಲ್ಲಿ ನಾನು ಅಲ್ಲಿಗೆ ಹೋದದ್ದು ಪ್ರವಾಸಕ್ಕೆ ಅಂತಲ್ಲ. ನನ್ನ ತಂಗಿಯ ಮಗಳು ಈಲಿಂಗ್ ಎಂಬಲ್ಲಿ ಸಂಸಾರ ಹೂಡಿದ್ದಾಳೆ. ಆಗ ಅವಳಿಗೆ ನಾಲ್ಕು ತಿಂಗಳು. ಹಿಂದೆ ಮೂರು ಸಲ ಬಸುರಿಯಾಗಿ ಮೂರೂ ನಿಂತಿರಲಿಲ್ಲ. ಎರಡು ನಮ್ಮ ಊರಿನಲ್ಲೇ ಹೋದವು, ಮೂರನೆಯದು ಅಲ್ಲಿಗೆ ಹೋದಮೇಲೆ, ಹತ್ತನೇ ವಾರದಲ್ಲಿ. ಆಮೇಲೆ ಎರಡು ವರ್ಷ ಏನೂ ಇಲ್ಲ. ಕೊನೆಗೆ ಪ್ರನಾಳ ಶಿಶು ಚಿಕಿತ್ಸೆ, ಅದರ ಜೊತೆಗೆ ದಿನಾ ರಕ್ತ ಹೆಪ್ಪುಗಟ್ಟದ ಹಾಗೆ ಇಂಜೆಕ್ಷನ್ನು. ತಂಗಿಗೆ ಮಂಡಿನೋವು, ಹೋಗುವ ಹಾಗಿರಲಿಲ್ಲ. "ಅಕ್ಕ, ನೀನಾದರೂ ಎರಡು ತಿಂಗಳು ಇದ್ದು ಬಾ" ಅಂದಳು. ಮೆಂತ್ಯದ ಹಿಟ್ಟು, ಚಟ್ನಿಪುಡಿ, ಹುರಿಹಿಟ್ಟು ಕಟ್ಟಿಕೊಂಡು ವಿಮಾನ ಹತ್ತಿದೆ.

ಕರಡಿಮರಿ ಕಾಯುವ ಸ್ಟೇಷನ್ನು

ಈಲಿಂಗಿನಿಂದ ರೈಲು ಹತ್ತಿದರೆ ಬೇಗನೆ ಪ್ಯಾಡಿಂಗ್ಟನ್ ಬರುತ್ತೆ. ಇಸಾಂಬಾರ್ಡ್ ಬ್ರುನೆಲ್ ಎಂಬ ಹೆಸರಾಂತ ಎಂಜಿನಿಯರು ಕಟ್ಟಿಸಿದ್ದು, 1854ರಿಂದ ನಡೆಯುತ್ತಿದೆ. ಕಬ್ಬಿಣದ ಕಮಾನು, ಗಾಜಿನ ಮಾಡು, ಕತ್ತೆತ್ತಿ ನೋಡುವಷ್ಟು ಎತ್ತರ. ಒಂದನೇ ಪ್ಲಾಟ್‌ಫಾರಂನಲ್ಲಿ ಟೋಪಿ ಹಾಕಿಕೊಂಡು ಪೆಟ್ಟಿಗೆ ಹಿಡಿದ ಒಂದು ಕರಡಿಮರಿಯ ಕಂಚಿನ ಬೊಂಬೆ ಇದೆ. ಮಕ್ಕಳ ಕತೆಯ ಕರಡಿ ಅದು, 1958ರಲ್ಲಿ ಮೊದಲ ಪುಸ್ತಕ ಬಂದಿತಂತೆ. ಕತೆಯಲ್ಲಿ ಯಾರೂ ಇಲ್ಲದ ಆ ಮರಿಯನ್ನು ಇದೇ ಸ್ಟೇಷನ್ನಿನಲ್ಲಿ ಕಂಡ ಒಂದು ಸಂಸಾರ ಮನೆಗೆ ಕರೆದುಕೊಂಡು ಹೋಗುತ್ತೆ. ಅಮ್ಮಂದಿರು ಮಕ್ಕಳನ್ನು ಅದರ ಪಕ್ಕ ನಿಲ್ಲಿಸಿ ಫೋಟೋ ತೆಗೆಯುತ್ತಲೇ ಇರ್ತಾರೆ. ನಮ್ಮ ಹುಡುಗಿ ಆ ಕಡೆ ನೋಡದೆ ಮುಂದೆ ನಡೆದಳು. ನಾನೂ ಏನೂ ಕೇಳಲಿಲ್ಲ. ಮೂರು ಸಲ ಕೈಗೆ ಬಂದದ್ದು ಜಾರಿದವರಿಗೆ ಇಂಥ ಜಾಗ ಹೇಗಿರುತ್ತೆ ಅನ್ನೋದು ನಿಮಗೆ ಗೊತ್ತಲ್ಲ.

ಸ್ಟೇಷನ್ನಿನ ಮಗ್ಗುಲಿಗೇ ಪ್ರೇಡ್ ಸ್ಟ್ರೀಟು. ಅಲ್ಲಿ ಇಟ್ಟಿಗೆ ಕಟ್ಟಡದ ಸೇಂಟ್ ಮೇರೀಸ್ ಆಸ್ಪತ್ರೆ, 1851ರಲ್ಲಿ ಬಾಗಿಲು ತೆರೆದದ್ದು. ಗೋಡೆಯ ಮೇಲೆ ಒಂದು ಫಲಕವಿದೆ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ನನ್ನು ಕಂಡುಹಿಡಿದದ್ದು ಈ ಕಟ್ಟಡದ ಒಂದು ಕೋಣೆಯಲ್ಲಿ. ಹೆರಿಗೆಯಾದ ಮೇಲೆ ನಂಜೇರಿ ಸಾಯುತ್ತಿದ್ದ ಎಷ್ಟು ತಾಯಂದಿರನ್ನು ಆ ಔಷಧಿ ಉಳಿಸಿತೋ! ನಾನು ಅಲ್ಲೇ ನಿಂತು ಕೈ ಮುಗಿದೆ. ದಾರಿಹೋಕರೊಬ್ಬರು ತಿರುಗಿ ನೋಡಿ ನಕ್ಕರು. ನಗಲಿ ಬಿಡಿ.

ಅದೇ ಆಸ್ಪತ್ರೆಯ ಹಿಂಭಾಗದಲ್ಲಿ ಲಿಂಡೋ ವಿಂಗ್ ಎಂಬ ಹೆರಿಗೆಯ ವಿಭಾಗ. 1982ರಲ್ಲಿ ಡಯಾನಾ ರಾಜಕುಮಾರಿ ತನ್ನ ಮೊದಲ ಮಗ ವಿಲಿಯಂನನ್ನು ಹೆತ್ತದ್ದು ಇಲ್ಲಿ. ಮುಂದೆ ಆತನ ಮಕ್ಕಳು ಮೂವರೂ 2013, 2015, 2018ರಲ್ಲಿ ಇಲ್ಲೇ ಹುಟ್ಟಿದರು. ಮಗು ಎತ್ತಿಕೊಂಡು ಮೆಟ್ಟಲ ಮೇಲೆ ನಿಂತ ಅವರ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೀವೂ ನೋಡಿರ್ತೀರಿ. ಆ ಮೆಟ್ಟಲು, ಆ ಬಾಗಿಲು ನೋಡಲು ಸಾಧಾರಣವಾಗಿಯೇ ಇವೆ.

ನಾನು ಅಲ್ಲಿಗೆ ಹೋದದ್ದು ರಾಜಕುಮಾರರಿಗಾಗಿ ಅಲ್ಲ ಅಂದೆನಲ್ಲ. ಇದೇ ಆಸ್ಪತ್ರೆಯಲ್ಲಿ ಮತ್ತೆ ಮತ್ತೆ ಗರ್ಭಪಾತವಾದ ಹೆಂಗಸರಿಗಾಗಿಯೇ ಒಂದು ಚಿಕಿತ್ಸಾಲಯವಿದೆ. ಲೆಸ್ಲಿ ರೀಗನ್ ಎಂಬ ವೈದ್ಯೆ ಅದನ್ನು ಬಹುಕಾಲ ನಡೆಸಿದರು. ನಮ್ಮ ಹುಡುಗಿಯನ್ನು ನೋಡುವ ಡಾಕ್ಟರು ಬೇರೆ ಆಸ್ಪತ್ರೆಯವರು. ಆದರೂ ಅವಳಿಗೆ ಕೊಡುತ್ತಿದ್ದ ಚಿಕಿತ್ಸೆ ಕೆಲಸ ಮಾಡುತ್ತೆ ಎಂದು ತೋರಿಸಿದ ಒಂದು ಮುಖ್ಯ ಪ್ರಯೋಗ ನಡೆದದ್ದು ಈ ಗೋಡೆಗಳ ಒಳಗೆ. "ದೊಡ್ಡಮ್ಮ, ನಾನು ದಿನಾ ಚುಚ್ಚಿಕೊಳ್ಳೋ ಸೂಜಿಯ ತೌರುಮನೆ ಇದು" ಅಂದಳು.

ಹಾಲಿಗೂ ಹೆಪ್ಪು, ರಕ್ತಕ್ಕೂ ಹೆಪ್ಪು

ಈ ಸೂಜಿ ಯಾಕೆ ಅಂತ ಮೊದಲು ತಿಳಿಯೋಣ. ನಾವು ರಾತ್ರಿ ಹಾಲಿಗೆ ಒಂದು ಚಮಚ ಹೆಪ್ಪು ಹಾಕಿಟ್ಟರೆ ಬೆಳಿಗ್ಗೆಗೆ ಗಟ್ಟಿಮೊಸರು. ರಕ್ತಕ್ಕೂ ಹೆಪ್ಪುಗಟ್ಟುವ ಗುಣ ಇರಲೇಬೇಕು, ಇಲ್ಲದಿದ್ದರೆ ಈಳಿಗೆಮಣೆ ತಗುಲಿದ ಬೆರಳಿನಿಂದ ಸುರಿಯುವ ರಕ್ತ ನಿಲ್ಲೋದೇ ಇಲ್ಲ. ಗಾಯವಾದ ಕಡೆ ಕಟ್ಟಬೇಕು, ಬೇರೆ ಕಡೆ ಹರಿಯುತ್ತಿರಬೇಕು. ಕೆಲವರ ರಕ್ತದಲ್ಲಿ ಮಾತ್ರ ತಪ್ಪು ಜಾಗದಲ್ಲಿ ಹೆಪ್ಪು ಬೀಳಿಸುವ ವಸ್ತುಗಳು ಇರುತ್ತವೆ. ರೋಗಾಣುಗಳ ಮೇಲೆ ಹೋರಾಡಬೇಕಾದ ದೇಹದ ಕಾವಲುಪಡೆ ತನ್ನ ಮನೆಯವರ ಮೇಲೆಯೇ ಕತ್ತಿ ಎತ್ತಿದ ಹಾಗೆ ಇದು. ಇಂಥ ಕಾಯಿಲೆಗೆ ಆಂಟಿಫಾಸ್ಫೊಲಿಪಿಡ್ ಸಿಂಡ್ರೋಮ್ ಎಂದು ಹೆಸರು. ಹೆಸರು ಉದ್ದವಾಯಿತು, ಆದರೂ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಡಾಕ್ಟರ ಹತ್ತಿರ ಕೇಳಲು ಬೇಕಾದೀತು.

ಮಗುವಿಗೆ ತಾಯಿಯಿಂದ ಅನ್ನ ನೀರು ಉಸಿರು ಎಲ್ಲ ಹೋಗುವುದು ಮಾಸಿನ ಮೂಲಕ ತಾನೆ? ಈ ಕಾಯಿಲೆ ಇದ್ದವರಲ್ಲಿ ಮಾಸು ಸರಿಯಾಗಿ ಬೇರೂರುವುದಿಲ್ಲ. ಅದರ ಸಣ್ಣ ರಕ್ತನಾಳಗಳಲ್ಲಿ ಹೆಪ್ಪೂ ಕಟ್ಟಬಹುದು. ಹೊರಗೆ ನೋಡಿದರೆ ತಾಯಿ ಆರೋಗ್ಯವಾಗಿಯೇ ಇರ್ತಾಳೆ. ಒಳಗೆ ಮಾತ್ರ ಮಗುವಿನ ಎದೆಬಡಿತ ನಿಂತುಹೋಗಿರುತ್ತೆ. ಪದೇ ಪದೇ ಗರ್ಭಪಾತವಾಗುವ ನೂರು ಹೆಂಗಸರಲ್ಲಿ ಸುಮಾರು 15 ಮಂದಿಗೆ ಈ ದೋಷ ಸಿಗುತ್ತದೆ ಎಂದು ಅಲ್ಲಿನ ವೈದ್ಯರ ಲೆಕ್ಕ. ಮಿಕ್ಕವರಿಗೆ ಕಾರಣ ಬೇರೆ ಇರಬಹುದು, ಎಷ್ಟೋ ಜನರಲ್ಲಿ ಕಾರಣ ಸಿಗುವುದೇ ಇಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಹುಡುಗಿಗೆ ಮೊದಲ ಸಲ ಹೋದಾಗ "ಪಪ್ಪಾಯಿ ತಿಂದಿರಬೇಕು" ಅಂದರು. ಎರಡನೇ ಸಲ "ಸ್ಕೂಟರಿನ ಮೇಲೆ ಓಡಾಡಿದಳು, ಬಿಂದಿಗೆ ಎತ್ತಿದಳು" ಅಂದರು. ಮೂರನೇ ಸಲ ಯಾರೂ ಏನೂ ಅನ್ನಲಿಲ್ಲ. ನಾದಿನಿಯ ಸೀಮಂತಕ್ಕೆ ಕರೆಯಲಿಲ್ಲ, ಅಷ್ಟೇ. ಬೈಗುಳಕ್ಕಿಂತ ಅದೇ ಅವಳಿಗೆ ಹೆಚ್ಚು ನೋವು ಕೊಟ್ಟಿತಂತೆ. ಆ ಮೂರು ಸಲದಲ್ಲಿ ಒಬ್ಬರಾದರೂ "ರಕ್ತ ಪರೀಕ್ಷೆ ಮಾಡಿಸೋಣ" ಅಂದಿದ್ದರೆ?

ಪರೀಕ್ಷೆಗಳು ಮೂರು: ಲೂಪಸ್ ಆಂಟಿಕೋಯಾಗ್ಯುಲೆಂಟ್, ಆಂಟಿಕಾರ್ಡಿಯೊಲಿಪಿನ್, ಬೀಟಾ-2 ಗ್ಲೈಕೊಪ್ರೋಟೀನ್ ಎಂಬುದರ ಪರೀಕ್ಷೆ. ಒಂದು ಸಲ ಬಂದರೆ ಸಾಲದು. ಜ್ವರಗಿರ ಬಂದು ಹೋದಮೇಲೂ ಸ್ವಲ್ಪ ದಿನ ರಕ್ತದಲ್ಲಿ ಇವು ಕಾಣಬಹುದು. ಆದ್ದರಿಂದ ಕನಿಷ್ಠ 12 ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿ, ಆಗಲೂ ಇದ್ದರೆ ಮಾತ್ರ ಕಾಯಿಲೆ ಇದೆ ಅಂತ ತೀರ್ಮಾನ. ಹೆಪಾರಿನ್ ತೆಗೆದುಕೊಳ್ಳುತ್ತಿರುವಾಗ ಲೂಪಸ್ ಪರೀಕ್ಷೆ ಮಾಡಿಸಿದರೆ ಉತ್ತರ ಎಡವಟ್ಟಾಗಬಹುದು. ಅದಕ್ಕೇ ಇಂಜೆಕ್ಷನ್ನು ಶುರುಮಾಡುವ ಮೊದಲೇ ಪರೀಕ್ಷೆ ಮಾಡಿಸುವುದು ವಾಸಿ.

ತೊಂಬತ್ತು ತಾಯಂದಿರು

ಈಗ ಸೇಂಟ್ ಮೇರೀಸಿನ ಪ್ರಯೋಗಕ್ಕೆ ಬರೋಣ. ಈ ದೋಷ ಇದ್ದು ಪದೇ ಪದೇ ಮಗು ಕಳೆದುಕೊಂಡಿದ್ದ 90 ಹೆಂಗಸರನ್ನು ಅಲ್ಲಿ ಎರಡು ಗುಂಪು ಮಾಡಿದರು. ಯಾರು ಯಾವ ಗುಂಪು ಅನ್ನುವುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದರು. ಒಂದು ಗುಂಪಿನ 45 ಮಂದಿಗೆ ದಿನಾ ಸಣ್ಣ ಪ್ರಮಾಣದ ಆಸ್ಪಿರಿನ್, 75 ಮಿಲಿಗ್ರಾಂ, ಅಷ್ಟೇ. ಇನ್ನೊಂದು ಗುಂಪಿನ 45 ಮಂದಿಗೆ ಅದೇ ಆಸ್ಪಿರಿನ್ ಜೊತೆಗೆ ಹೆಪಾರಿನ್ ಇಂಜೆಕ್ಷನ್ನು. 1997ರಲ್ಲಿ ಫಲಿತಾಂಶ ಪ್ರಕಟವಾಯಿತು. ಬರೀ ಆಸ್ಪಿರಿನ್ ತೆಗೆದುಕೊಂಡವರಲ್ಲಿ 19 ಮಂದಿ ಮಗು ಹೆತ್ತರು, ಹೆಪಾರಿನ್ನೂ ಸೇರಿಸಿದವರಲ್ಲಿ 32 ಮಂದಿ. ಆಮೇಲೆ ಬೇರೆ ಕಡೆ ನಡೆದ ಎಲ್ಲ ಪ್ರಯೋಗಗಳಲ್ಲೂ ಇಷ್ಟು ದೊಡ್ಡ ವ್ಯತ್ಯಾಸ ಕಾಣಲಿಲ್ಲ ಎಂಬುದೂ ನಿಜ. ಆದರೂ ಈ ಕಾಯಿಲೆಯ ಬಸುರಿಯರಿಗೆ ಆಸ್ಪಿರಿನ್, ಹೆಪಾರಿನ್ ಎರಡನ್ನೂ ಕೊಡುವುದು ಈಗ ಲೋಕದ ಬಹಳ ಕಡೆ ಪದ್ಧತಿಯಾಗಿದೆ.

ಆ ತೊಂಬತ್ತು ಜನರ ಹೆಸರು ಯಾವ ಫಲಕದ ಮೇಲೂ ಇಲ್ಲ. ಮೂರು ನಾಲ್ಕು ಮಕ್ಕಳನ್ನು ಕಳೆದುಕೊಂಡ ಮೇಲೂ "ನನ್ನ ಮೇಲೆ ಪ್ರಯೋಗ ಮಾಡಿ, ನಾಳೆ ಇನ್ನೊಬ್ಬಳಿಗಾದರೂ ಉಪಯೋಗವಾಗಲಿ" ಅಂದವರು ಅವರು. ಪ್ರೇಡ್ ಸ್ಟ್ರೀಟಿನಲ್ಲಿ ನಡೆಯುವಾಗ ನನಗೆ ರಾಜಕುಮಾರಿಗಿಂತ ಅವರೇ ಹೆಚ್ಚು ನೆನಪಾದರು.

ಮರದ ತೊಗಟೆಯ ಊರು

ಪ್ಯಾಡಿಂಗ್ಟನ್ನಿನಿಂದಲೇ ಆಕ್ಸ್‌ಫರ್ಡ್ ಕಡೆ ರೈಲು ಹೋಗುತ್ತೆ. ಒಂದು ಭಾನುವಾರ ಅಳಿಯ ನನ್ನನ್ನು ಆ ಸೀಮೆಗೆ ಕರೆದುಕೊಂಡು ಹೋದ. ಆಕ್ಸ್‌ಫರ್ಡ್ ದಾಟಿದ ಮೇಲೆ ಹಸುರು ಏರಿಳಿತ, ಕುರಿಹಿಂಡು, ಜೇನಿನ ಬಣ್ಣದ ಕಲ್ಲಿನ ಮನೆಗಳು. ಆ ಸೀಮೆಯ ಚಿಪ್ಪಿಂಗ್ ನಾರ್ಟನ್ ಎಂಬ ಸಣ್ಣ ಪೇಟೆಯೂರಿಗೂ ನಮ್ಮ ವಿಷಯಕ್ಕೂ ನಂಟಿದೆ.

ಎಡ್ವರ್ಡ್ ಸ್ಟೋನ್ ಎಂಬ ಪಾದ್ರಿ ಅಲ್ಲಿದ್ದರು. ಒಂದು ದಿನ ವಿಲೋ ಮರದ ತೊಗಟೆಯನ್ನು ಬಾಯಿಗೆ ಹಾಕಿಕೊಂಡರಂತೆ. ಕ್ರಿಕೆಟ್ ಬ್ಯಾಟು ಮಾಡುತ್ತಾರಲ್ಲ, ಆ ಜಾತಿಯ ಮರ. ಕಹಿಯೋ ಕಹಿ. ಚಳಿಜ್ವರಕ್ಕೆ ಕೊಡುವ ಸಿಂಕೋನಾ ತೊಗಟೆಯ ಕಹಿಯ ಹಾಗೇ ಇದೆಯಲ್ಲ ಅನ್ನಿಸಿತು. ತೊಗಟೆ ಕಿತ್ತು ತಂದು, ರೊಟ್ಟಿ ಸುಡುವ ಒಲೆಯ ಹೊರಮೈ ಮೇಲೆ ಮೂರು ತಿಂಗಳು ಒಣಗಿಸಿ, ಪುಡಿಮಾಡಿ ಸುಮಾರು ಐವತ್ತು ಜನ ಜ್ವರದವರಿಗೆ ಕೊಟ್ಟು ನೋಡಿದರು. ಗುಣ ಕಂಡಿತು. 1763ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಕಾಗದ ಬರೆದರು. ನಮ್ಮ ಅಜ್ಜಿಯಂದಿರು ನೆಲಬೇವಿನ ಕಷಾಯ ಮಾಡುತ್ತಿದ್ದ ರೀತಿಯೇ ಅಲ್ಲವೇ?

ತೊಗಟೆಯ ಆ ಸಾರಕ್ಕೆ ನೆಂಟನಾದ ಆಸ್ಪಿರಿನ್ನನ್ನು ಜರ್ಮನಿಯ ಬೇಯರ್ ಕಂಪನಿ 1899ರಲ್ಲಿ ಅಂಗಡಿಗೆ ತಂದಿತು. ತಲೆನೋವಿನ ಮಾತ್ರೆ ಎಂದೇ ನಮಗೆಲ್ಲ ಪರಿಚಯ. ಅದು ದೇಹದೊಳಗೆ ಹೇಗೆ ಕೆಲಸ ಮಾಡುತ್ತೆ ಅನ್ನುವುದನ್ನು 1971ರಲ್ಲಿ ಲಂಡನ್ನಿನಲ್ಲೇ ಜಾನ್ ವೇನ್ ತೋರಿಸಿದರು, 1982ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಸಣ್ಣ ಪ್ರಮಾಣದಲ್ಲಿ ಕೊಟ್ಟಾಗ ಅದು ರಕ್ತದ ಕಣಗಳು ಒಂದಕ್ಕೊಂದು ಅಂಟಿಕೊಳ್ಳದ ಹಾಗೆ ನೋಡಿಕೊಳ್ಳುತ್ತೆ.

ಹೆಪಾರಿನ್ ಬಂದದ್ದು ಇನ್ನೊಂದು ದಾರಿಯಿಂದ. ಅಮೆರಿಕದ ಬಾಲ್ಟಿಮೋರಿನಲ್ಲಿ 1916ರಲ್ಲಿ ಜೇ ಮೆಕ್ಲೀನ್ ಎಂಬ ವೈದ್ಯ ವಿದ್ಯಾರ್ಥಿ ನಾಯಿಯ ಪಿತ್ತಜನಕಾಂಗದಲ್ಲಿ ಅಂಥ ವಸ್ತುವನ್ನು ಕಂಡ. ಗ್ರೀಕ್ ಭಾಷೆಯಲ್ಲಿ ಪಿತ್ತಜನಕಾಂಗಕ್ಕೆ ಇರುವ ಹೆಸರಿನಿಂದಲೇ ಹೆಪಾರಿನ್ ಎಂದಾಯಿತು. ಈಗ ಅದನ್ನು ಬಹುಪಾಲು ತೆಗೆಯುವುದು ಹಂದಿಯ ಕರುಳಿನಿಂದ. ನಮ್ಮ ಹುಡುಗಿ ಮೊಟ್ಟೆಯನ್ನೂ ಮುಟ್ಟದವಳು. ಡಾಕ್ಟರಮ್ಮ ಮೊದಲೇ ಬಿಡಿಸಿ ಹೇಳಿದರಂತೆ, ಒಂದು ದಿನ ಯೋಚಿಸಲು ಬಿಟ್ಟರಂತೆ. "ದೊಡ್ಡಮ್ಮ, ಇದನ್ನ ನಾನು ಊಟ ಅಂತ ತಗೊಳ್ತಿಲ್ಲ, ಔಷಧಿ ಅಂತ ತಗೊಳ್ತಿದೀನಿ" ಅಂದಳು. ನಾನು ಅದಕ್ಕೆ ಎದುರು ಹೇಳಲಿಲ್ಲ. ನಿಮ್ಮ ಮನೆಯಲ್ಲೂ ಇಂಥ ಪ್ರಶ್ನೆ ಬಂದರೆ ಮುಚ್ಚಿಡಬೇಡಿ, ಕೇಳಿ ತಿಳಿದು ನೀವೇ ತೀರ್ಮಾನ ಮಾಡಿ.

ಸಂಜೆ ಏಳರ ಸೂಜಿ

ಈಲಿಂಗಿನ ಆ ಮನೆಯಲ್ಲಿ ಸಂಜೆ ಏಳಕ್ಕೆ ದೇವರ ದೀಪ ಹಚ್ಚುವ ಹೊತ್ತಿಗೇ ಸೂಜಿಯ ಹೊತ್ತೂ. ಮೇ ತಿಂಗಳಲ್ಲಿ ಅಲ್ಲಿ ಸಂಜೆ ಏಳಕ್ಕೂ ನಮ್ಮ ಮಧ್ಯಾಹ್ನ ಮೂರರ ಬಿಸಿಲು! ಔಷಧಿ ತುಂಬಿಯೇ ಬರುವ ಪುಟ್ಟ ಸಿರಿಂಜು. ಅವಳು ಕೈ ತೊಳೆದು, ಕುಳಿತು, ಹೊಕ್ಕುಳಿನಿಂದ ದೂರಕ್ಕೆ ಹೊಟ್ಟೆಯ ಪಕ್ಕದ ಚರ್ಮವನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿದು ನೇರವಾಗಿ ಚುಚ್ಚಿಕೊಳ್ಳೋಳು. ಇವತ್ತು ಬಲಗಡೆ, ನಾಳೆ ಎಡಗಡೆ. ಚುಚ್ಚಿದ ಮೇಲೆ ಉಜ್ಜಬಾರದು, ಉಜ್ಜಿದರೆ ನೀಲಿಗಟ್ಟೋದು ಜಾಸ್ತಿ. ಸೂಜಿಗಳನ್ನು ಹಾಕಲು ಹಳದಿ ಡಬ್ಬಿ, ಕಸದ ಬುಟ್ಟಿಗೆ ಹಾಕೋ ಹಾಗಿಲ್ಲ. ಹೊಟ್ಟೆಯ ಮೇಲೆ ನೇರಳೆಹಣ್ಣಿನ ಕಲೆಯ ಹಾಗೆ ಅಲ್ಲಲ್ಲಿ ಗುರುತು. ಮೊದಲ ದಿನ ನೋಡಿ ನನ್ನ ಕಣ್ಣು ತುಂಬಿತು. "ಮಗಳೇ, ಇದು ಮಗೂಗೆ ತಾಗಲ್ಲವೇನೆ?" ಅಂದೆ. ಊರಿನಿಂದ ಅವಳ ಅತ್ತೆ ಫೋನಿನಲ್ಲಿ ದಿನಾ ಕೇಳುತ್ತಿದ್ದದ್ದೂ ಅದನ್ನೇ.

ತಾಗುವುದಿಲ್ಲ. ಹೆಪಾರಿನ್ನಿನ ಕಣ ದೊಡ್ಡದು, ಮಾಸನ್ನು ದಾಟಿ ಮಗುವಿನ ಕಡೆ ಹೋಗದು. ಹೃದಯದ ರೋಗಿಗಳು ನುಂಗುವ ವಾರ್ಫರಿನ್ ಎಂಬ ಮಾತ್ರೆ ಇದೆಯಲ್ಲ, ಅದು ಮಾತ್ರ ದಾಟುತ್ತೆ. ಎಳೆ ಬಸುರಿನಲ್ಲಿ ಮಗುವಿನ ಅಂಗಾಂಗಗಳಿಗೆ ಊನ ಮಾಡಬಲ್ಲದು. "ಎರಡೂ ರಕ್ತ ತೆಳು ಮಾಡೋದೇ ತಾನೆ" ಅಂತ ಒಂದರ ಬದಲು ಇನ್ನೊಂದು ತೆಗೆದುಕೊಂಡರೆ ಅನಾಹುತ. ವಾರ್ಫರಿನ್ ಮೇಲಿರುವವರು ಬಸುರಿಗೆ ಮೊದಲೇ ಡಾಕ್ಟರಿಗೆ ಹೇಳಲೇಬೇಕು. ಅಂದಹಾಗೆ ರಕ್ತ ತೆಳುವಾಗೋದು ಅನ್ನೋದು ಬಾಯಿಮಾತು ಅಷ್ಟೇ. ರಕ್ತವೇನೂ ನೀರಾಗುವುದಿಲ್ಲ, ಹೆಪ್ಪುಗಟ್ಟುವುದು ನಿಧಾನವಾಗುತ್ತೆ.

ಪ್ರನಾಳ ಶಿಶು ಚಿಕಿತ್ಸೆಯಲ್ಲಿ ಇದಕ್ಕೆ ಇನ್ನೂ ಒಂದು ಕಾರಣವಿದೆ. ಅಂಡಗಳನ್ನು ಬೆಳೆಸುವ ಔಷಧಿ ಕೊಟ್ಟಾಗ ದೇಹದಲ್ಲಿ ಈಸ್ಟ್ರೋಜನ್ ಏರುತ್ತೆ, ಅದು ಏರಿದರೆ ಹೆಪ್ಪುಗಟ್ಟುವ ಭಯವೂ ಏರುತ್ತೆ. ಈ ಕಾಯಿಲೆ ಇದ್ದವರಿಗೆ ಆಗಿನಿಂದಲೇ ಹೆಪಾರಿನ್ ಕೊಟ್ಟು, ಅಂಡ ತೆಗೆಯುವ ಮುನ್ನ ನಿಲ್ಲಿಸಿ, ರಕ್ತಸ್ರಾವದ ಭಯ ಕಳೆದ ಮೇಲೆ ಮತ್ತೆ ಶುರುಮಾಡುತ್ತಾರೆ. ಯಾವತ್ತು, ಎಷ್ಟು ಹೊತ್ತಿಗೆ ಎಂಬುದನ್ನು ಡಾಕ್ಟರು ಬರೆದು ಕೊಡುತ್ತಾರೆ. ಆ ಚೀಟಿಯನ್ನು ನಮ್ಮ ಹುಡುಗಿ ಅಡುಗೆಮನೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿದ್ದಳು, ಹಾಲಿನ ಲೆಕ್ಕದ ಹಾಗೆ.

ಇಷ್ಟೆಲ್ಲ ಮಾಡಿದರೂ ಮೊದಲ ಸಲ ಭ್ರೂಣ ನಿಲ್ಲಲಿಲ್ಲ. "ಇಷ್ಟು ಚುಚ್ಚಿಕೊಂಡೂ ಯಾಕೆ ಹೀಗಾಯ್ತು?" ಅಂತ ಅವಳು ಅತ್ತಾಗ ಡಾಕ್ಟರಮ್ಮ ತಿಳಿಸಿ ಹೇಳಿದರಂತೆ: ಇದು ಭ್ರೂಣವನ್ನು ಅಂಟಿಸುವ ಗೋಂದಲ್ಲ. ನಿಂತ ಬಸುರನ್ನು ಈ ಒಂದು ಕಾಯಿಲೆಯಿಂದ ಕಾಪಾಡುವುದಷ್ಟೇ ಇದರ ಕೆಲಸ. ಎರಡನೇ ಸಲ ನಿಂತಿತು.

ಎಲ್ಲರಿಗೂ ಹೇಳಿದ್ದಲ್ಲ

ಸೋದರಿಯರೇ, ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಈ ಸೂಜಿ ಗರ್ಭಪಾತವಾದ ಎಲ್ಲರಿಗೂ ಮದ್ದಲ್ಲ. ನಮ್ಮ ಊರುಗಳಲ್ಲಿ ಪರೀಕ್ಷೆಯನ್ನೇ ಮಾಡದೆ "ಸೇಫ್ಟಿಗೆ ಇರಲಿ" ಅಂತ ತಿಂಗಳುಗಟ್ಟಲೆ ಚುಚ್ಚಿಸುವುದನ್ನು ನಾನು ಕಂಡಿದ್ದೇನೆ. ಬಳೆ ಅಡವಿಟ್ಟು ಇಂಜೆಕ್ಷನ್ನು ತಂದ ಮನೆಗಳನ್ನೂ ಬಲ್ಲೆ.

ಕಾರಣ ಸಿಗದೆ ಪದೇ ಪದೇ ಗರ್ಭಪಾತವಾದ 364 ಹೆಂಗಸರ ಮೇಲೆ ನೆದರ್‌ಲೆಂಡ್ಸ್ ದೇಶದಲ್ಲಿ ಒಂದು ಪರೀಕ್ಷೆ ನಡೆಸಿ 2010ರಲ್ಲಿ ಪ್ರಕಟಿಸಿದರು. ಆಸ್ಪಿರಿನ್ ಆಗಲಿ, ಅದರ ಜೊತೆ ಹೆಪಾರಿನ್ ಆಗಲಿ, ಬರೀ ಸಕ್ಕರೆ ಮಾತ್ರೆಯಂಥ ಹುಸಿಮದ್ದಿಗಿಂತ ಹೆಚ್ಚೇನೂ ಮಾಡಲಿಲ್ಲ. ಹೆಪ್ಪುಗಟ್ಟುವ ಗುಣ ವಂಶದಿಂದಲೇ ಬಂದವರ ಮೇಲೆ ಐದು ದೇಶಗಳಲ್ಲಿ ನಡೆದ ಇನ್ನೊಂದು ಪರೀಕ್ಷೆ 2023ರಲ್ಲಿ ಹೊರಬಂತು. ಹೆಪಾರಿನ್ ತೆಗೆದುಕೊಂಡವರಲ್ಲಿ ನೂರಕ್ಕೆ 72 ಮಂದಿ, ತೆಗೆದುಕೊಳ್ಳದವರಲ್ಲಿ ನೂರಕ್ಕೆ 71 ಮಂದಿ ಮಗು ಪಡೆದರು. ಎಂ.ಟಿ.ಎಚ್.ಎಫ್.ಆರ್. ಎಂಬ ಪರೀಕ್ಷೆ ಮಾಡಿಸಿ "ದೋಷ ಇದೆ" ಅಂತ ಹೆದರಿಸುವುದೂ ಉಂಟು. ಗರ್ಭಪಾತಕ್ಕೆಂದು ಆ ಪರೀಕ್ಷೆ ಬೇಡವೆಂದು ದೊಡ್ಡ ವೈದ್ಯ ಸಂಘಗಳೇ ಹೇಳಿವೆ.

ಆ 71ನ್ನು ಇನ್ನೊಂದು ಸಲ ನೋಡಿ. ಎರಡು ಮೂರು ಸಲ ಕಳೆದುಕೊಂಡ ಹೆಂಗಸರು ಅವರು. ಇಂಜೆಕ್ಷನ್ನೇ ಇಲ್ಲದೆ ನೂರರಲ್ಲಿ 71 ಮಂದಿ ಮಗು ಎತ್ತಿಕೊಂಡರು. ದೋಷ ಸಿಗದಿದ್ದರೆ ಅದೂ ಒಳ್ಳೆಯ ಸುದ್ದಿಯೇ. "ಏನೂ ಕೊಡಲಿಲ್ಲ" ಅಂತ ಡಾಕ್ಟರನ್ನು ಬದಲಾಯಿಸಬೇಡಿ.

ಔಷಧಿಗೂ ಅದರದೇ ಅಪಾಯ ಉಂಟು. ರಕ್ತಸ್ರಾವ ಹೆಚ್ಚಬಹುದು, ಅಪರೂಪಕ್ಕೆ ರಕ್ತದ ಪ್ಲೇಟ್‌ಲೆಟ್ ಕಣಗಳು ಕಡಿಮೆಯಾಗಬಹುದು. ಅದಕ್ಕೇ ರಕ್ತ ಪರೀಕ್ಷೆ ಬೇಕಾಗುತ್ತೆ. ಮೈಕೈ ನೋವಿಗೆ ಅಂಗಡಿಯ ನೋವಿನ ಮಾತ್ರೆ ನುಂಗಬಾರದು. ಹಲ್ಲು ಕೀಳಿಸುವ ಮೊದಲು, ಹೆರಿಗೆಯಲ್ಲಿ ಬೆನ್ನಿಗೆ ಮರಗಟ್ಟಿಸುವ ಇಂಜೆಕ್ಷನ್ನು ಕೊಡುವ ಮೊದಲು "ನಾನು ಹೆಪಾರಿನ್ ಮೇಲಿದ್ದೀನಿ, ಕೊನೆಯ ಸೂಜಿ ಇಷ್ಟು ಹೊತ್ತಿಗೆ ಆಯ್ತು" ಅಂತ ಹೇಳಬೇಕು. ಒಂದೇ ಕಾಲು ಊದಿ ನೋಯುವುದು, ಎದೆ ನೋವು, ಉಸಿರು ಕಟ್ಟುವುದು, ಜೋರಾಗಿ ರಕ್ತ ಹೋಗುವುದು, ಇದರಲ್ಲಿ ಯಾವುದಾದರೂ ಆದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಊಟದ ಪಥ್ಯ ಏನು ಅಂತ ನೀವು ಕೇಳ್ತೀರಿ, ನನಗೆ ಗೊತ್ತು! ಹೆಪಾರಿನ್ನಿಗೆ ಪಥ್ಯವೇನೂ ಇಲ್ಲ. ಸೌತ್‌ಹಾಲ್ ಎಂಬಲ್ಲಿ ನಮ್ಮವರ ಅಂಗಡಿಗಳು ಸಾಲಾಗಿವೆ. ನುಗ್ಗೇಕಾಯಿ, ಕರಿಬೇವು, ಮೆಂತ್ಯದ ಸೊಪ್ಪು ಎಲ್ಲ ತಂದು ದಿನಾ ಹುಳಿ, ಪಲ್ಯ ಮಾಡಿ ಹಾಕಿದೆ. ಆಸ್ಪಿರಿನ್ ಮಾತ್ರ ಖಾಲಿ ಹೊಟ್ಟೆಯಲ್ಲಿ ಬೇಡ, ಊಟದ ಮೇಲೆ.

ನದಿಯಾಚೆ

ಪ್ಯಾಡಿಂಗ್ಟನ್ನಿನಿಂದ ಸುರಂಗದ ರೈಲಿನಲ್ಲಿ ವೆಸ್ಟ್‌ಮಿನ್‌ಸ್ಟರಿಗೆ ಬಂದು ಮೇಲೆ ಹತ್ತಿದರೆ ತಲೆಯ ಮೇಲೇ ಗಡಿಯಾರದ ಗೋಪುರ. ಸೇತುವೆ ದಾಟಿದರೆ ಥೇಮ್ಸ್ ನದಿಯ ಆಚೆದಡದಲ್ಲಿ, ಪಾರ್ಲಿಮೆಂಟಿಗೆ ಎದುರಾಗಿ, ಸೇಂಟ್ ಥಾಮಸ್ ಆಸ್ಪತ್ರೆ. ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ದಾದಿಯರ ಶಾಲೆ ಶುರುಮಾಡಿದ್ದು ಈ ಆಸ್ಪತ್ರೆಯ ಆಶ್ರಯದಲ್ಲಿ. ಆಕೆಯ ಹೆಸರಿನ ವಸ್ತುಸಂಗ್ರಹಾಲಯ ಆವರಣದಲ್ಲೇ ಇದೆ. ನದಿಯ ಕಡೆಯ ಉದ್ದನೆಯ ಗೋಡೆಯ ಮೇಲೆ ಸಾವಿರ ಸಾವಿರ ಕೆಂಪು ಹೃದಯಗಳ ಚಿತ್ರ. ಕೋವಿಡ್‌ನಲ್ಲಿ ತೀರಿಹೋದವರಿಗಾಗಿ 2021ರಲ್ಲಿ ಜನರೇ ಬರೆದದ್ದು.

ಈ ಕಾಯಿಲೆಯನ್ನು 1983ರಲ್ಲಿ ವಿವರವಾಗಿ ಬರೆದ ಗ್ರಹಾಂ ಹ್ಯೂಸ್ ಎಂಬ ವೈದ್ಯರು ಮುಂದೆ ಈ ಆಸ್ಪತ್ರೆಯಲ್ಲೇ ಕೆಲಸ ಮಾಡಿದರು. ಅದಕ್ಕೇ ಇದನ್ನು ಹ್ಯೂಸ್ ಸಿಂಡ್ರೋಮ್ ಅಂತಲೂ ಕರೆಯುತ್ತಾರೆ. ಕಳೆದುಹೋದ ಬಸುರಿಗಳಿಗಾಗಿ ಸಂಶೋಧನೆ ಮಾಡಿಸುವ ಟಾಮೀಸ್ ಎಂಬ ಸೇವಾಸಂಸ್ಥೆ 1992ರಲ್ಲಿ ಹುಟ್ಟಿದ್ದೂ ಇಲ್ಲಿನ ವೈದ್ಯರಿಂದಲೇ. ಆಸ್ಪತ್ರೆಯ ಹೆಸರೇ ಅದರ ಹೆಸರಾಯಿತು.

ಅಲ್ಲಿಂದ ನದಿಯ ದಂಡೆ ಹಿಡಿದು, ಲ್ಯಾಂಬೆತ್ ಅರಮನೆ ದಾಟಿ, ಲ್ಯಾಂಬೆತ್ ಸೇತುವೆಯಿಂದ ಸ್ವಲ್ಪ ಮುಂದೆ ನಡೆದರೆ ಆಲ್ಬರ್ಟ್ ದಂಡೆಯ ಪುಟ್ಟ ತೋಟ. ಅಲ್ಲಿ ಎತ್ತರದ ಪೀಠದ ಮೇಲೆ ಬಸವಣ್ಣನವರ ಎದೆಮಟ್ಟದ ಪ್ರತಿಮೆ! ಲ್ಯಾಂಬೆತ್‌ನ ಮೇಯರಾಗಿದ್ದ ಕಲಬುರ್ಗಿ ಮೂಲದ ಡಾ. ನೀರಜ್ ಪಾಟೀಲರ ಪ್ರಯತ್ನದಿಂದ ಬಂದದ್ದು, 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದ್ದು. ಅಷ್ಟು ದೂರದಲ್ಲಿ ನಮ್ಮವರನ್ನು ಕಂಡಾಗ ಆಗುವ ಸಂತೋಷ ಬರೆದು ತಿಳಿಸಲಾರೆ. ಹುಡುಗಿ ಬೆಂಚಿನ ಮೇಲೆ ಕುಳಿತಳು, ನಾನು ಚಕ್ಕುಲಿ ಡಬ್ಬಿ ತೆಗೆದೆ.

ಹನ್ನೆರಡನೇ ಶತಮಾನದಲ್ಲೇ ಶರಣರು ಪಂಚಸೂತಕಗಳನ್ನು ಒಪ್ಪದೆ ನಿಂತರು. ಹುಟ್ಟಿನ ಸೂತಕ, ಸಾವಿನ ಸೂತಕ, ಮುಟ್ಟಿನ ಸೂತಕ ಎಲ್ಲವನ್ನೂ ಬೇಡವೆಂದರು. ಅಂಥವರ ನಾಡಿನಲ್ಲಿ ನಾವು, ಬಸುರಿ ನಿಲ್ಲದವಳನ್ನು ಸೀಮಂತಕ್ಕೆ ಕರೆಯುವುದಿಲ್ಲ, ತೊಟ್ಟಿಲಿಗೆ ಕೈ ಹಚ್ಚಲು ಬಿಡುವುದಿಲ್ಲ, ಬಾಗಿನ ಕೊಡುವಾಗ ಅವಳನ್ನು ದಾಟಿ ಮುಂದಿನವಳಿಗೆ ಕೊಡುತ್ತೇವೆ. ರಕ್ತದ ಒಂದು ಗುಣಕ್ಕೆ ಅವಳ ನಡತೆಯನ್ನು ದೂರುತ್ತೇವೆ. ಇದು ಸರಿಯೇ, ನೀವೇ ಹೇಳಿ?

ಊರಿಗೆ ಬಂದಮೇಲೆ ನಿಮ್ಮ ಕೈಲಾಗುವುದು

ಇದಕ್ಕೆಲ್ಲ ಲಂಡನ್ನಿಗೆ ಹೋಗಬೇಕಾಗಿಲ್ಲ. ಈ ಪರೀಕ್ಷೆಗಳೂ ಔಷಧಿಯೂ ನಮ್ಮ ದೊಡ್ಡ ಊರುಗಳಲ್ಲೇ ಸಿಗುತ್ತವೆ. ಪ್ರತಿ ಸಲದ ಚೀಟಿ, ಸ್ಕ್ಯಾನು, ಎಷ್ಟನೇ ವಾರದಲ್ಲಿ ಏನಾಯಿತು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಚೀಲದಲ್ಲಿಡಿ. ಎರಡು ಮೂರು ಸಲ ಹೀಗಾಗಿದ್ದರೆ ಮತ್ತೆ ಬಸುರಿಯಾಗುವ ಮೊದಲೇ ಪರೀಕ್ಷೆ ಕೇಳಿ. ಇಂಜೆಕ್ಷನ್ನು ಬರೆದುಕೊಟ್ಟರೆ "ನನ್ನ ಯಾವ ವರದಿ ನೋಡಿ ಇದನ್ನು ಬರೆದಿರಿ? ಯಾವಾಗಿನಿಂದ ಯಾವಾಗಿನ ತನಕ?" ಅಂತ ವಿನಯದಿಂದ ಕೇಳಿ. ಒಳ್ಳೆಯ ಡಾಕ್ಟರು ಬೇಸರ ಪಡುವುದಿಲ್ಲ. ಪ್ರನಾಳ ಶಿಶು ಚಿಕಿತ್ಸೆಗೆ ಹೋಗುವವರು ಆ ಕೇಂದ್ರ 2021ರ ಕಾನೂನಿನಂತೆ ನೋಂದಣಿಯಾಗಿದೆಯೇ ನೋಡಿಕೊಳ್ಳಿ. ನೆರೆಮನೆಯವಳಿಗೆ ಫಲಿಸಿದ್ದು ಅಂತ ಅವಳ ಮಿಕ್ಕ ಸಿರಿಂಜನ್ನು ಮಾತ್ರ ತರಬೇಡಿ.

ಹೆರಿಗೆಯ ನಂತರವೂ ಈ ಕಾಯಿಲೆಯವರಿಗೆ ಸಾಮಾನ್ಯವಾಗಿ ಆರು ವಾರ ಸೂಜಿ ಮುಂದುವರಿಯುತ್ತೆ, ಹಾಲೂಡಿಸಲು ತೊಂದರೆಯಿಲ್ಲ. ಬಾಣಂತಿ ನಲವತ್ತು ದಿನ ಮಂಚ ಬಿಟ್ಟು ಇಳಿಯಬಾರದು ಅನ್ನುವ ಅಮ್ಮಂದಿರೇ, ಕಾಲಾಡಿಸದೆ ಮಲಗಿದರೆ ಹೆಪ್ಪುಗಟ್ಟುವ ಭಯ ಹೆಚ್ಚು. ಎಣ್ಣೆನೀರು, ಸಾಂಬ್ರಾಣಿ ಹೊಗೆ ಬೇಕಾದರೆ ಇರಲಿ, ಮನೆಯೊಳಗಾದರೂ ನಾಲ್ಕು ಹೆಜ್ಜೆ ನಡೆಸಿ.

ನಮ್ಮ ಹುಡುಗಿಗೆ ಆ ವರ್ಷ ಅಕ್ಟೋಬರಿನಲ್ಲಿ, ಮೂವತ್ತೇಳು ವಾರಕ್ಕೆ ಹೆಣ್ಣು ಮಗು ಹುಟ್ಟಿತು. ನಾಮಕರಣಕ್ಕೆ ಊರಿಗೆ ಬಂದಾಗ ತಂಗಿ ಒಂದು ಕೆಲಸ ಮಾಡಿದಳು. ನಮ್ಮ ಬೀದಿಯ ಕೊನೆ ಮನೆಯಲ್ಲಿ ಎರಡು ಸಲ ಕಳೆದುಕೊಂಡ ಸೊಸೆಯೊಬ್ಬಳಿದ್ದಾಳೆ. ತಂಗಿ ತಾನೇ ಹೋಗಿ ಅವಳನ್ನು ಕರೆದುಕೊಂಡು ಬಂದು, ಮೊದಲು ಅವಳ ಕೈಯಲ್ಲೇ ತೊಟ್ಟಿಲು ತೂಗಿಸಿದಳು. ಕುಳಿತವರಲ್ಲಿ ಇಬ್ಬರು ಮುಖ ಮುಖ ನೋಡಿಕೊಂಡರು. ಮಗು ಮಾತ್ರ ಹಾಯಾಗಿ ನಿದ್ದೆ ಹೋಯಿತು.